ಕಲ್ಮಲದ ತಿರುವಿನ ಹಳದಿ ದೀಪ

ಕಲ್ಮಲದಾಚೆಯ ತಿರುವಿನಲ್ಲಿ ಯಂಕಮ್ಮನೆಂಬ ಮುದುಕಿ ರಸ್ತೆಗೆ ಸಜ್ಜೆ ತೆನೆ ಹರವಿ, ಹೋಗಿಬರುವ ಗಾಡಿಗಳ ಗಾಲಿಯಿಂದಲೇ ಕಾಳು ಬಿಡಿಸಿ ರಾಶಿ ಮಾಡಿಸುತ್ತಿದ್ದಳು. ಹೋದ ವರ್ಷ ಆ ತೆನೆಗಳ ಮೇಲೆ ಜಾರಿದ ಟೆಂಪೊ ಅವಳ ಮೇಲೇ ಹರಿಯಿತು. ಆಮೇಲೆ ಅಲ್ಲಿ ಯಾರೂ ತೆನೆ ಹರವಿಲ್ಲ.

ಮಗಳನ್ನು ಕಾಲೇಜಿಗೆ ಬಿಡಲು ನನಗಿರುವುದು ಅದೊಂದೇ ದಾರಿ. ಆ ತಿರುವಿಗೆ ಬಂದಾಗಲೆಲ್ಲ ಕಾರು ತಾನಾಗಿ ಬ್ರೇಕ್ ಹಿಡಿಯುತ್ತದೆ, ಜಾರುವ ಕಾರಿನ ಚಿತ್ರದ ಹಳದಿ ದೀಪ ಮಿಣುಕುತ್ತದೆ.

"ಗಾಡ್ಯಾಗ ಏನೂ ತಪ್ಪಿಲ್ರೀ," ಎಂದ ಮೆಕ್ಯಾನಿಕ್ ಬೀರೇಶ. "ನೀವು ತಿರುವಿದ ಕಡಿ ಗಾಡಿ ಹೋಗಲಾರದ ಜಾರಿದಾಗಷ್ಟ ಅದು ಒಂದು ಗಾಲಿಗೆ ಬ್ರೇಕ್ ಹಾಕ್ತದ. ಅಲ್ಲಿ ಖರೇನ ಜಾರಾಕತ್ತದ."

ನಿನ್ನೆ ಮಟಮಟ ಮಧ್ಯಾಹ್ನ ಅಲ್ಲೇ ಮತ್ತೆ ಬ್ರೇಕ್ ಹಿಡಿಯಿತು. ಸಿಟ್ಟಿನಿಂದ ಇಳಿದು ನೋಡಿದೆ. ರಸ್ತೆ ಬರಿದಾಗಿತ್ತು, ಬಿಸಿಲಿಗೆ ಕಾದಿತ್ತು. ಬ್ರೇಕ್ ಹಿಡಿದ ಗಾಲಿ ಮಾತ್ರ ತಣ್ಣಗಿತ್ತು. ಅದರ ಟೈರಿನ ಗೆರೆಗಳ ತುಂಬ ಹಸಿ ಸಜ್ಜೆಯ ಹೊಟ್ಟು ಮೆತ್ತಿತ್ತು.