ಊದಿಕೊಂಡ ಗುಡ್ಡ

“ಅಯ್ಯೋ, ಗುಡ್ಡ ಊದಿಕೊಂಡಿದೆ!” ಚಿಕ್ಕಮ್ಮ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು.

ರೇಡಿಯೊ ಓಡಿಬಂದು ಕಂಪ್ಯೂಟರ್ ಪರದೆಗೆ ಮೂಗು ತಾಗಿಸಿದಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಹೆಡ್‌ಮಾಸ್ಟರ ಕೆಮ್ಮಿನಿಂದ ಹಿಡಿದು ಮಿಕ್ಸಿಯ ಗರ್ರ್‌ ತನಕ ಯಾವ ದನಿ ಬೇಕಾದರೂ ತೆಗೆಯುತ್ತಿದ್ದಳು. ಅದಕ್ಕೇ ರೇಡಿಯೊ.

ಊರ ಗುಡ್ಡ ಜಾರುತ್ತಿದೆಯೇ ಎಂದು ಡ್ರೋನ್ ಹಾರಿಸಿ ನೋಡುವುದು ಚಿಕ್ಕಮ್ಮನ ಕೆಲಸ. ಡ್ರೋನ್ ಮೇಲಿಂದ ನೂರಾರು ಫೋಟೊ ತೆಗೆಯುತ್ತದೆ. ಕಂಪ್ಯೂಟರ್ ಅವನ್ನೆಲ್ಲ ಸೇರಿಸಿ ಹೊಲಿದು, ಆಟಿಕೆಯಂಥ ತ್ರೀಡಿ ಗುಡ್ಡ ಮಾಡಿಕೊಡುತ್ತದೆ. ಹೋದ ಸಲದ ಗುಡ್ಡದ ಮೇಲೆ ಈ ಸಲದ್ದನ್ನು ಇಟ್ಟು ನೋಡಿದರೆ, ಮಣ್ಣು ಜಾರಿದ ಇಲ್ಲವೇ ಉಬ್ಬಿದ ಕಡೆಯೆಲ್ಲ ಕೆಂಪು ಬಣ್ಣ. ಈ ಸಲ ಅರ್ಧ ಗುಡ್ಡವೇ ಕೆಂಪು!

ಚಿಕ್ಕಮ್ಮ ಕಳಿಸಿದ ಮ್ಯಾಪ್ ನೋಡಿ ಅವಳ ಆಫೀಸಿನ ಸಾಹೇಬರು ಫೋನಿನಲ್ಲಿ ನಕ್ಕರು. “ಏನ್ರೀ ಇದು, ನಿಮ್ಮ ಗುಡ್ಡಕ್ಕೆ ಹಲ್ಲುನೋವಾ? ಒಂದು ಕೆನ್ನೆ ಊದಿದೆ! ಲೆಕ್ಕ ಎಲ್ಲೋ ತಪ್ಪಿದೆ. ಬಿಡಿ, ಮುಂದಿನ ತಿಂಗಳು ಇನ್ನೊಂದ್ಸಲ ಹಾರಿಸಿ.”

“ಸಾರ್, ಕೆಳಗಡೆ ಮನೆಗಳಿವೆ. ಮಳೆ ಬೇರೆ ಶುರುವಾಗಿದೆ.”

“ಊದಿದ ಮ್ಯಾಪ್ ತೋರ್ಸಿ ಜನಾನ ಮನೆ ಬಿಡಿ ಅನ್ನೋಕಾಗುತ್ತಾ?”

ಫೋನ್ ಇಟ್ಟ ಕೂಡಲೇ ರೇಡಿಯೊ ಶುರುವಾಯಿತು. “ಏನ್ರೀ, ನಿಮ್ಮ ಗುಡ್ಡಕ್ಕೆ ಹಲ್ಲುನೋವಾ?” ಥೇಟ್ ಸಾಹೇಬರದೇ ಮೂಗುದನಿ. ಬೇರೆ ದಿನವಾಗಿದ್ದರೆ ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ತುಟಿಯೂ ಅಲ್ಲಾಡಲಿಲ್ಲ.

“ಯಾಕೆ ಚಿಕ್ಕಮ್ಮ ತಪ್ಪಾಯ್ತು?”

“ಗಟ್ಟಿ ನೆಲದ ಮೇಲೆ ಕಪ್ಪುಬಿಳುಪಿನ ಹಲಗೆಗಳನ್ನ ಇಟ್ಟಿದ್ದೀನಲ್ಲ, ಅವು ಇದ್ದಲ್ಲೇ ಇರಬೇಕು ಕಣೇ. ಅವನ್ನ ನಂಬ್ಕೊಂಡೇ ಕಂಪ್ಯೂಟರ್ ಮಿಕ್ಕ ಗುಡ್ಡಾನ ಅಳೆಯೋದು. ಒಂದೇ ಒಂದು ಜರುಗಿದ್ರೂ ಎಲ್ಲಾ ಸೊಟ್ಟ. ಆದ್ರೆ ಹಲಗೆಗೇನು ಕಾಲಿದ್ಯಾ?”

ಹಲಗೆಗೆ ಕಾಲಿರಲಿಲ್ಲ. ರೇಡಿಯೊಗೆ ಇದ್ದವು. ಆ ಎರಡೂ ಮೆಲ್ಲಗೆ ಪರದೆಯಿಂದ ಹಿಂದಕ್ಕೆ ಸರಿದವು.

ಭಾನುವಾರ ಆಟದ ಬಯಲಿನಲ್ಲಿ ಗೋಲ್ ಕಂಬಕ್ಕೆ ಏನೂ ಸಿಗದೆ, ಒಂದು ಹಲಗೆಯನ್ನು ಎಳೆದು ನಿಲ್ಲಿಸಿದ್ದಳು. ಆಟ ಮುಗಿದ ಮೇಲೆ ಜಾಣೆಯ ಹಾಗೆ ವಾಪಸ್ ಇಟ್ಟಿದ್ದಳು ಕೂಡ. ಅದೇ ಜಾಗ. ಅಂದರೆ, ಸುಮಾರಾಗಿ ಅದೇ ಜಾಗ. ಮೂಲೆಗಳಿಗೆ ಕಲ್ಲು ಹೇರಿ, ಕೈ ಒರೆಸಿಕೊಂಡು ಮರೆತೇಬಿಟ್ಟಿದ್ದಳು.

ಹೇಳಿದರೆ ಬೈಗುಳ ಗ್ಯಾರಂಟಿ. ಹೇಳದಿದ್ದರೆ? ಮುಂದಿನ ತಿಂಗಳು ತುಂಬ ದೂರದಲ್ಲಿತ್ತು. ಮಳೆ ಕಿಟಕಿಯ ಹತ್ತಿರವೇ ಇತ್ತು.

“ಚಿಕ್ಕಮ್ಮ…” ಬೇರೆ ಯಾರ ದನಿಯೂ ನೆರವಿಗೆ ಬರಲಿಲ್ಲ. ತನ್ನದೇ ತೆಳ್ಳನೆಯ ದನಿ ಬಂತು. “ಬಯಲಿನ ಹಲಗೆ ಇದ್ಯಲ್ಲ, ಗೋಲ್‌ಗೆ ಅಂತ ನಾನೇ ಎತ್ಕೊಂಡಿದ್ದೆ. ಆಮೇಲೆ ಅಲ್ಲೇ ಇಟ್ಟೆ. ಅಂದಾಜಿನ ಮೇಲೆ.”

“ಅಂದಾಜಾ! ನಾನಿಲ್ಲಿ ಬೆರಳಿನಗಲ ಅಳೀತಾ ಕೂತಿದ್ದೀನಿ, ನಿಂದು ಅಂದಾಜಾ!” ಕಿವಿ ಹಿಂಡಲು ಬಂದ ಕೈ ಅರ್ಧದಲ್ಲೇ ನಿಂತಿತು. ಚಿಕ್ಕಮ್ಮ ಸರ್ರನೆ ಪರದೆಗೆ ತಿರುಗಿದಳು. “ಯಾವುದದು? ತೋರ್ಸು, ಬೇಗ!”

ಆ ಹಲಗೆಯನ್ನು ಬಿಟ್ಟು ಕಂಪ್ಯೂಟರ್ ಮತ್ತೆ ಗುಡ್ಡ ಕಟ್ಟಿತು. ಊದಿದ ಕೆನ್ನೆ ಇಳಿಯಿತು. ಕೆಂಪು ಅಳಿಸಿಹೋಯಿತು. ಒಂದು ಗೆರೆ ಮಾತ್ರ ಹೋಗಲಿಲ್ಲ. ಮನೆಗಳ ನೇರ ಮೇಲೆ, ಕುಡುಗೋಲಿನ ಹಾಗೆ ಬಾಗಿಕೊಂಡು ಅಲ್ಲೇ ಇತ್ತು.

“ಇದು ನಿಜವಾದದ್ದು,” ಚಿಕ್ಕಮ್ಮ ಪಿಸುಗುಟ್ಟಿದಳು.

ಅವಳು ಆಫೀಸಿನವರ ಜೊತೆ ಮೇಲೆ ಹೋಗಿ ಹುಲ್ಲು ಸರಿಸಿದಾಗ, ಕಾಲು ಇಳಿಯುವಷ್ಟು ಬಿರುಕು! ಫೋಟೊ ನೋಡಿದ ಸಾಹೇಬರು ಈ ಸಲ ನಗಲಿಲ್ಲ. ಸಂಜೆಯ ಹೊತ್ತಿಗೆ ಬಿರುಕಿನ ಮೇಲೆ ಟಾರ್ಪಾಲು ಬಿತ್ತು. ಮಳೆನೀರು ಪಕ್ಕಕ್ಕೆ ಹರಿಯಲೆಂದು ಕಾಲುವೆ ತೋಡಿದರು. ಕೆಳಗಿನ ಮನೆಗಳವರು ಗಂಟುಮೂಟೆ ಕಟ್ಟಿಕೊಂಡು ಶಾಲೆಯ ಹಾಲ್‌ಗೆ ಹೊರಟರು.

“ನೀರು ಒಳಗೆ ಇಳೀದೇ ಇದ್ರೆ ಗುಡ್ಡ ತಡ್ಕೊಳ್ಳುತ್ತೆ,” ಎಂದು ಚಿಕ್ಕಮ್ಮ ಎಲ್ಲರಿಗೂ ಹೇಳುತ್ತಿದ್ದಳು.

ಕೊನೆಯ ಮನೆಯ ಟೈಲರ್ ಅಜ್ಜಿಗೆ ಬೀಗ ಹಾಕಲು ಕೈ ಖಾಲಿಯಿರಲಿಲ್ಲ. ಕಂಕುಳಲ್ಲಿದ್ದ ಬೆಕ್ಕನ್ನು, ಅಲ್ಲೇ ನಿಂತಿದ್ದ ರೇಡಿಯೊ ಕೈಗೆ ತುರುಕಿದಳು. “ಬಿಗಿಯಾಗಿ ಹಿಡ್ಕೊಳ್ಳಮ್ಮ, ಇದು ಮಹಾ ಪುಕ್ಕಲು.”

ಬೆಕ್ಕು ತೋಳಿಗೆ ಉಗುರು ಚುಚ್ಚಿತು. ರೇಡಿಯೊ ಹಿಡಿತ ಸಡಿಲಿಸಲಿಲ್ಲ. ಬೆಕ್ಕಿನ ಹಿಡಿಯಷ್ಟು ಎದೆ, ಅವಳ ಅಂಗೈಯೊಳಗೆ ಡಬಡಬ ಬಡಿದುಕೊಳ್ಳುತ್ತಿತ್ತು.

ಅಷ್ಟು ಎತ್ತರದಿಂದ ಡ್ರೋನಿಗೆ ಈ ಪುಟ್ಟ ಎದೆಬಡಿತ ಕಂಡಿರಲಾರದು ಎಂದುಕೊಂಡಳು. ಬೆಕ್ಕನ್ನು ಇನ್ನಷ್ಟು ಹತ್ತಿರ ಒತ್ತಿಕೊಂಡು, ಹೆಜ್ಜೆ ನೋಡಿ ನೋಡಿ ಇಡುತ್ತ ಅಜ್ಜಿಯ ಹಿಂದೆ ನಡೆದಳು.