ಅಳಿಯನ ಬಾಗಿಲು

ದೂರು ಠಾಣೆಗೆ ಬಂದದ್ದು ಮಂಗಳವಾರ ಬೆಳಿಗ್ಗೆ, ಹತ್ತೂಮುಕ್ಕಾಲಿಗೆ. ತಂದವಳು ಲಾಂಡ್ರಿಯ ನೀಲಿ ಕೋಟಿನಲ್ಲೇ ಬಂದಿದ್ದಳು. ಮನೆಗೆ ಹೋಗಿ ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಧೈರ್ಯ ಕರಗಿಹೋದೀತೆಂದು ಹೆದರಿದ್ದಳೋ ಏನೋ. ಊರಿನ ಆಸ್ಪತ್ರೆಗಳ ಹಾಸು ಹೊದಿಕೆಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಇವಳು ಅಲ್ಲಿ ಮಡಚುವ ವಿಭಾಗದವಳು. ಅಲ್ಲಿ ಎಲ್ಲರ ಬಾಯಲ್ಲೂ ಅಕ್ಕ. ಇವಳ ತಮ್ಮ ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರ ನಡೆಸುತ್ತಿದ್ದ. ಹಿಂದಿನ ಶುಕ್ರವಾರ ಯಂತ್ರದ ವಿದ್ಯುತ್ ಪ್ಯಾನೆಲ್ಲಿಗೆ ಕೈ ಹಾಕಿದವನು ಕೈ ತೆಗೆಯಲಿಲ್ಲ. ಠಾಣೆಯವರು ಅಸಹಜ ಸಾವು ಎಂದು ದಾಖಲಿಸಿ, ಶವಪರೀಕ್ಷೆ ಮಾಡಿಸಿ, ದೇಹ ಕೊಟ್ಟು ಕಳಿಸಿ ಕೈ ತೊಳೆದುಕೊಂಡಿದ್ದರು.

"ಏನಂತ ಬರೀಬೇಕಮ್ಮ?" ಎಂದರು ಇನ್ಸ್‌ಪೆಕ್ಟರ್.

"ಅವನ ತಪ್ಪಲ್ಲ ಅಂತ ಬರೀರಿ ಸಾರ್."

"ಮತ್ಯಾರ ತಪ್ಪು?"

"ಅದನ್ನ ನೀವು ಹುಡುಕಿ. ಅವನದಲ್ಲ ಅನ್ನೋದಷ್ಟೇ ನನಗೆ ಗೊತ್ತು."

ಲಾಂಡ್ರಿಯ ಗೇಟಿಗೆ ಒಂದು ಚೀಟಿ ಅಂಟಿಸಿದ್ದಾರಂತೆ. ಆಪರೇಟರನ ಸ್ವಂತ ಅಜಾಗರೂಕತೆಯಿಂದ ಅಪಘಾತ ನಡೆದಿದೆ, ಇತರರು ಪಾಠ ಕಲಿಯಬೇಕು ಎಂದು. ತಮ್ಮನ ಮಗಳು ಶಾಲೆಗೆ ಹೋಗುವುದು ಆ ಗೇಟಿನ ಮುಂದೆಯೇ. "ಆ ಮಗೂಗೆ ಈಗ ಓದಕ್ಕೆ ಬರುತ್ತೆ ಸಾರ್," ಎಂದಳು. ಅತ್ತಿರಲಿಲ್ಲ. ಅಳುವುದಕ್ಕೂ ಒಂದು ಬಿಡುವು ಬೇಕಲ್ಲ.

ಎಫ್‌ಐಆರ್ ಆಯಿತು. ಆರೋಪಿ: ಅಪರಿಚಿತರು. ಆಪಾದನೆ: ನಿರ್ಲಕ್ಷ್ಯದಿಂದ ಸಾವು. ಅವಳು ಸಹಿ ಹಾಕುವಾಗ ಬಲಗೈಯ ಕಿರುಬೆರಳು ಇಲ್ಲದಿರುವುದು ಇನ್ಸ್‌ಪೆಕ್ಟರ ಕಣ್ಣಿಗೆ ಬಿತ್ತು. ಕೇಳಿದ್ದಕ್ಕೆ, ರೋಲರ್ ತಗೊಂಡಿತು ಎಂದಳು, ಬಸ್ಸು ತಪ್ಪಿಹೋಯಿತು ಎಂದಷ್ಟೇ ಹಗುರವಾಗಿ.

ಮಧ್ಯಾಹ್ನ ಸ್ಥಳ ಪಂಚನಾಮೆ. ಜೊತೆಗೆ ದಫೇದಾರ, ಮಹಿಳಾ ಕಾನ್‌ಸ್ಟೇಬಲ್, ಇಬ್ಬರು ಪಂಚರು. ದಫೇದಾರನಿಗೆ ಠಾಣೆಯಲ್ಲಿ ಟೈಮ್‌ಟೇಬಲ್ ಎಂದು ಹೆಸರು; ಯಾರು ಸೀನಿದರೂ ಗಡಿಯಾರ ನೋಡಿ ಬರೆದುಕೊಳ್ಳುವ ಆಸಾಮಿ. ಇಸ್ತ್ರಿ ಹಾಲಿನ ಬಾಗಿಲು ದೂಡಿದ್ದೇ ತಡ, ಬೇಯುವ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಮುಖಕ್ಕೆ ಬಡಿಯಿತು. ಅವನ ಗಡಿಯಾರದ ಗಾಜು ಮಂಜಾಗಿ ಮುಳ್ಳೇ ಕಾಣದಾಯಿತು. "ಇಲ್ಲಿ ಟೈಮೇ ಇಲ್ಲ ಸಾರ್," ಎಂದ.

ಒಂದು ಕಡೆಯಿಂದ ಒದ್ದೆ ಹಾಸು, ಕಾದ ರೋಲರುಗಳ ನಡುವೆ ತೂರಿ, ಇನ್ನೊಂದು ಕಡೆಯಿಂದ ಒಣಗಿ ಹೊರಗೆ. ಆ ಬಿಸಿಹಾಸನ್ನು ಎಳೆದು ಮಡಚುವ ಹೆಂಗಸರ ಮೊಣಕೈಗಳು ಕೆಂಡದ ಬಣ್ಣ. ಚಾವಣಿಯಲ್ಲಿ ಫ್ಯಾನಿನ ಕೊಕ್ಕೆಗಳಿದ್ದವು, ಫ್ಯಾನುಗಳಿರಲಿಲ್ಲ. ಹತ್ತಿಯ ನಾರು ಹಾರಿ ಬಟ್ಟೆಗೆ ಕೂರುತ್ತದೆಂದು ಬಿಚ್ಚಿಸಿದ್ದರು.

ಯಂತ್ರದ ಪಕ್ಕದಲ್ಲಿ ಆಳೆತ್ತರದ ಕಬ್ಬಿಣದ ಪೆಟ್ಟಿಗೆ. ಅದೇ ಪ್ಯಾನೆಲ್. ಅದರ ಪಕ್ಕೆಗೆ ಅಂಟಿಕೊಂಡಂತೆ ಒಂದು ಎಸಿ. ಅಷ್ಟು ದೊಡ್ಡ ಹಾಲಿನಲ್ಲಿ ತಂಪೆಂಬುದು ಇದ್ದರೆ ಆ ಪೆಟ್ಟಿಗೆಯ ಹೊಟ್ಟೆಯೊಳಗೆ ಮಾತ್ರ.

"ನಾವು ಇದನ್ನ ಅಳಿಯ ಅಂತೀವಿ ಮೇಡಂ," ಎಂದು ಮಡಚುವವಳೊಬ್ಬಳು ಮಹಿಳಾ ಕಾನ್‌ಸ್ಟೇಬಲ್‌ಗೆ ಪಿಸುಗುಟ್ಟಿದಳು. "ಮನೆಯೋರಿಗೆಲ್ಲ ಬೆವರು, ಅಳಿಯನಿಗೆ ಮಾತ್ರ ತಂಗಾಳಿ."

ಆ ಎಸಿಯನ್ನು ಕೂರಿಸಿದ ಮೆಕ್ಯಾನಿಕ್ಕನ್ನು ಕರೆಸಿದ್ದರು. ಇನ್ಸ್‌ಪೆಕ್ಟರ್ ಅಲ್ಲೇ ನಿಲ್ಲಿಸಿ ಕೇಳಿದರು.

"ಇದನ್ನ ಯಾಕೆ ಹಾಕಿದ್ರು?"

"ಒಳಗೆ ಮೂವತ್ತೈದು ಡಿಗ್ರಿ ದಾಟಿದ್ರೆ ಮೋಟಾರು ನಡೆಸೋ ಸರ್ಕೀಟು ಮುನಿಸ್ಕೊಳ್ಳುತ್ತೆ ಸಾರ್. ಯಂತ್ರ ನಿಂತುಬಿಡುತ್ತೆ."

"ಹೊರಗೆ ಎಷ್ಟಿದೆ?"

ಅವನು ಸುತ್ತ ನೋಡಿದ. "ಹೊರಗಿಂದು ಅಳೆಯೋಕೆ ಯಾರೂ ಹೇಳಿಲ್ಲ."

ಇದು ಮನೆಯ ಎಸಿಯಂತಲ್ಲ ಎಂದು ಅವನು ತಿಳಿಸಿಹೇಳಿದ. ಪೆಟ್ಟಿಗೆಯೊಳಗಿನ ಗಾಳಿಯನ್ನೇ ಎಳೆದು, ತಣಿಸಿ, ಪೆಟ್ಟಿಗೆಗೇ ಮರಳಿಸುತ್ತದೆ. ಹೊರಗಿನ ಗಾಳಿ ನುಸುಳಲೇಬಾರದು. ಅದಕ್ಕೆಂದೇ ಬಾಗಿಲ ಚೌಕಟ್ಟಿನಲ್ಲಿ ಒಂದು ಸ್ವಿಚ್ಚಿನ ಗುಂಡಿ. ಬಾಗಿಲು ಮುಚ್ಚಿದಾಗ ಗುಂಡಿ ಒತ್ತಿಕೊಂಡು ಎಸಿ ಓಡುತ್ತದೆ, ತೆರೆದರೆ ನಿಲ್ಲುತ್ತದೆ. ಗುಂಡಿಯನ್ನು ಒತ್ತಿದಂತೆಯೇ ಕಟ್ಟಿಹಾಕಿದರೆ ಬಾಗಿಲು ತೆರೆದಿದ್ದರೂ ಎಸಿ ಓಡುತ್ತಲೇ ಇರುತ್ತದೆ. ಹಾಲಿನ ಹಬೆಯೆಲ್ಲ ಒಳಗೆ ಹೋಗಿ, ತಣ್ಣನೆಯ ಸುರುಳಿಗೆ ತಾಗಿ ನೀರಾಗುತ್ತದೆ. ಸುರುಳಿಯ ಕೆಳಗಿನ ತಟ್ಟೆಯಲ್ಲಿ ಕೂಡುವ ಆ ನೀರನ್ನು ಹೊರಹಾಕಲು ಒಂದು ಸಣ್ಣ ಪೈಪು ಇದೆ.

ಪೈಪನ್ನು ಬಿಚ್ಚಿಸಿದರು. ಒಳಗೆ ಹತ್ತಿಯ ನಾರು ಬೆಣೆ ಹೊಡೆದಂತೆ ಕೂತಿತ್ತು. ನೀರು ಹೊರಗೆ ಹೋಗಲು ದಾರಿಯಿಲ್ಲದೆ ತಟ್ಟೆ ತುಂಬಿ, ಪ್ಯಾನೆಲ್ಲಿನೊಳಕ್ಕೇ ಸುರಿದು, ತಂತಿಗಳ ಮೇಲೆ ಇಳಿದಿತ್ತು. ಆ ಶುಕ್ರವಾರ ಯಂತ್ರ ಟ್ರಿಪ್ ಆಗಿ ನಿಂತಿತು. ಆಪರೇಟರ್ ಎಂದಿನಂತೆ ಬ್ರೇಕರ್ ಸ್ವಿಚ್ಚು ಎತ್ತಲು ಕೈ ಹಾಕಿದ.

"ಪೈಪು ಯಾಕೆ ತೊಳೆದಿಲ್ಲ?"

ಮೆಕ್ಯಾನಿಕ್ ಪಕ್ಕದಲ್ಲಿ ನಿಂತಿದ್ದ ಲಾಂಡ್ರಿಯ ಮ್ಯಾನೇಜರ ಮುಖ ನೋಡಿದ, ಆಮೇಲೆ ನೆಲ ನೋಡಿದ. ತೊಳೆಯಬೇಕೆಂದರೆ ಯಂತ್ರ ನಿಲ್ಲಿಸಬೇಕು. ಬಂದಾಗಲೆಲ್ಲ ಇವತ್ತು ಬೇಡ, ನಾಳೆ ಬಾ ಎಂದು ಕಳಿಸುತ್ತಿದ್ದರಂತೆ. ಪ್ಯಾನೆಲ್ಲಿನ ಕೀಲಿ ಮ್ಯಾನೇಜರ ಬಳಿ ಇರಬೇಕಿತ್ತು. ಅದು ಬಾಗಿಲಲ್ಲೇ ನೇತಾಡುತ್ತಿತ್ತು. ಟ್ರಿಪ್ ಆದಾಗಲೆಲ್ಲ ಬಂದು ತೆರೆಯುವ ತಾಪತ್ರಯ ಯಾರಿಗೆ ಬೇಕು? ಮ್ಯಾನೇಜರ್ ಮಾತ್ರ ಬಾಗಿಲ ಮೇಲಿನ ಸ್ಟಿಕ್ಕರಿನತ್ತ ಬೆರಳು ಮಾಡಿದರು. ತೆರೆಯಬಾರದು ಎಂದು ಕೆಂಪಕ್ಷರದಲ್ಲಿದೆಯಲ್ಲ, ಗಾಳಿ ತಗೊಳ್ಳೋಕೆ ಅವನೇ ಗುಂಡಿ ಕಟ್ಟಿದ್ದಾನೆ, ಇನ್ನೇನು ಸಾಕ್ಷಿ ಬೇಕು ಎಂದರು.

ಗುಂಡಿಯ ಮೇಲೆ ಕಟ್ಟು ಇನ್ನೂ ಇತ್ತು. ಹರಿದ ಹಾಸಿನ ಪಟ್ಟಿ, ಒಂದು ಬದಿ ಸುಟ್ಟು ಕಪ್ಪಾಗಿದೆ. ದಫೇದಾರ ಗಂಟು ಬಿಚ್ಚದೆ, ಪಟ್ಟಿಯನ್ನು ಪಕ್ಕದಲ್ಲಿ ಕತ್ತರಿಸಿ, ಪಂಚರ ಮುಂದೆ ಪಾರದರ್ಶಕ ಲಕೋಟೆಗೆ ಹಾಕಿ ಸೀಲು ಮಾಡಿದ.

ಗಂಟನ್ನು ಗುರುತಿಸಿದ್ದು ಮಹಿಳಾ ಕಾನ್‌ಸ್ಟೇಬಲ್. ಮಡಚಿದ ಹಾಸುಗಳನ್ನು ಹೆಂಗಸರು ಕಟ್ಟು ಕಟ್ಟುವುದನ್ನು ಅವಳು ನಿಂತು ನೋಡಿದ್ದಳು. ಎಲ್ಲರದೂ ಅದೇ ಗಂಟು. ಆಸ್ಪತ್ರೆಯಲ್ಲಿ ನರ್ಸು ಒಂದು ತುದಿ ಎಳೆದರೆ ಬಿಚ್ಚಿಕೊಳ್ಳಬೇಕು, ಹಾಗಾಗಿ ತುದಿಗಳನ್ನು ಉದ್ದಕ್ಕೆ ಬಿಡುತ್ತಾರೆ. ಗುಂಡಿಯ ಮೇಲಿನ ಗಂಟಿನಲ್ಲಿ ಎರಡೂ ತುದಿಗಳನ್ನು ಒಳಕ್ಕೆ ಸಿಕ್ಕಿಸಿದ್ದರು.

"ಅಂದ್ರೆ ಇದು ಮಡಚೋರ ಗಂಟು, ಆಪರೇಟರ್ ಕಟ್ಟಿದ್ದಲ್ಲ," ಎಂದರು ಇನ್ಸ್‌ಪೆಕ್ಟರ್. ಒಂದು ಕ್ಷಣ ಎದೆ ಹಗುರಾಯಿತು. ಗೇಟಿನ ಚೀಟಿ ಸುಳ್ಳು.

"ಅಲ್ಲ ಸಾರ್." ಅವಳ ದನಿ ಕುಸಿಯಿತು. "ತುದಿ ಒಳಗೆ ಸಿಕ್ಕಿಸೋರು ಅಲ್ಲಿ ಒಬ್ಬರೇ. ನೇತಾಡೋ ತುದಿ ರೋಲರಿಗೆ ಸಿಕ್ಕಿ ಕಿರುಬೆರಳು ಹೋದ ಮೇಲೆ ಹಾಗೆ ಕಟ್ತಾರಂತೆ. ಬೆಳಿಗ್ಗೆ ಠಾಣೆಗೆ ಬಂದಾಗ ಅವರ ಊಟದ ಗಂಟೂ ಹಾಗೇ ಇತ್ತು."

ಇನ್ಸ್‌ಪೆಕ್ಟರ್ ಅಕ್ಕನನ್ನು ಕರೆತರಲು ಹೇಳಿದರು.

ಬುಧವಾರ ಬೆಳಿಗ್ಗೆ ಬಂದಳು. ಅಪರಾಧಿ ಸಿಕ್ಕಿಬಿದ್ದನೆಂದೇ ನಂಬಿ ಬಂದ ಮುಖ. ಮೇಜಿನ ಮೇಲೆ ಪಟ್ಟಿಯಿದ್ದ ಲಕೋಟೆ ಇಟ್ಟರು.

"ಇದು ನನ್ನ ಗಂಟು," ಎಂದಳು, ಯೋಚಿಸದೆ. "ನಿಮ್ಮ ಹತ್ರ ಹೇಗೆ ಬಂತು?"

"ಯಾವಾಗ ಕಟ್ಟಿದ್ರಿ?"

ಸಾವಿಗೆ ಒಂದು ವಾರ ಮುಂಚೆ ಅವಳ ತಮ್ಮ ಇಸ್ತ್ರಿ ಯಂತ್ರದ ಮುಂದೆಯೇ ಕುಸಿದುಬಿದ್ದಿದ್ದ. ಮೈ ಕಾದ ಹಂಚಿನಂತಿತ್ತು. ಮ್ಯಾನೇಜರು ನೀರು ಚಿಮುಕಿಸಿ ಎಬ್ಬಿಸಿ ಮತ್ತೆ ನಿಲ್ಲಿಸಿದರು. ಅಳಿಯನ ಬಾಗಿಲು ತೆರೆದರೆ ತಂಪು ನಿಂತುಬಿಡುತ್ತಿತ್ತು. ಗುಂಡಿಯಿಂದ ಹಾಗಾಗುತ್ತದೆಂದು ಮಡಚುವವರೆಲ್ಲ ಕಂಡುಕೊಂಡಿದ್ದರು. ಅವಳು ಗುಂಡಿ ಕಟ್ಟಿದಳು. ಊಟದ ಬಿಡುವಿನಲ್ಲಿ ತಮ್ಮನನ್ನು ಅದರ ಮುಂದೆ ಕೂರಿಸಿದಳು. ಬೇಡಕ್ಕ, ಯಾರಾದ್ರೂ ಬೈತಾರೆ ಎಂದನಂತೆ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಗದರಿಸಿ ಮಲಗಿಸಿದಂತೆ ಸುಮ್ನೆ ಕೂತ್ಕೋ ಎಂದು ಗದರಿಸಿದಳಂತೆ. ಅಲ್ಲಿಂದ ದಿನಾ ಕೂತ.

"ಒಂದಿನ ಅಲ್ಲೇ ನಿದ್ದೆ ಹೋದ ಸಾರ್. ಎಷ್ಟು ವರ್ಷಕ್ಕೆ ಅವನು ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದನ್ನ ನೋಡಿದೆ ನಾನು." ಪಟ್ಟಿಯತ್ತ ನೋಡಿದಳು. "ಈ ಗುಂಡಿಗೂ ಅವನ ಸಾವಿಗೂ ಏನು ಸಂಬಂಧ?"

ಹೇಳಬೇಕಾದವರು ಇನ್ಸ್‌ಪೆಕ್ಟರೇ. ಹಬೆ, ತಣ್ಣನೆಯ ಸುರುಳಿ, ಕಟ್ಟಿಕೊಂಡ ಪೈಪು, ನೀರು. ಆದಷ್ಟು ನಿಧಾನವಾಗಿ ಹೇಳಿದರು. ನಿಧಾನವಾಗಿ ಹೇಳಿದರೆ ಕಡಿಮೆ ಕೊಯ್ಯುತ್ತದೆಯೇ? ಅವಳ ಮುಖ ಮೊದಲು ಕೇಳುತ್ತಿತ್ತು, ಆಮೇಲೆ ಲೆಕ್ಕ ಹಾಕುತ್ತಿತ್ತು, ಆಮೇಲೆ ಅಲ್ಲಿ ಯಾರೂ ಇರಲಿಲ್ಲ.

ಮಹಿಳಾ ಕಾನ್‌ಸ್ಟೇಬಲ್ ನೀರು ಕೊಟ್ಟಳು. ಅಕ್ಕ ಲೋಟ ಮುಟ್ಟಲಿಲ್ಲ.

"ನೋಡಮ್ಮ," ಎಂದರು ಇನ್ಸ್‌ಪೆಕ್ಟರ್, ಬಾಗಿಲತ್ತ ಒಮ್ಮೆ ನೋಡಿ. "ಈ ಮಾತನ್ನ ನಾನು ಇನ್ನೂ ಬರೆದಿಲ್ಲ. ಗಂಟು ಯಾರದೂ ಆಗಿರಬಹುದು. ಮ್ಯಾನೇಜರ್ ಹೇಳಿದ್ದನ್ನೇ ಬರೆದು ಮುಗಿಸಿದ್ರೆ ನೀವು ಮನೆಗೆ ಹೋಗ್ತೀರಿ."

"ಆಗ ತಪ್ಪು ಯಾರದು ಅಂತಾಗುತ್ತೆ?"

"ಅವನದೇ."

ಅವಳು ಲಕೋಟೆಯನ್ನು ಮೇಜಿನ ಮೇಲೆ ಇನ್ಸ್‌ಪೆಕ್ಟರತ್ತ ಸರಿಸಿದಳು. "ನೀವು ಹುಡುಕಿದ್ದು ಸರಿ ಇದೆ ಸಾರ್. ಬರೀರಿ. ಅವನ ತಪ್ಪಲ್ಲ."

ಇನ್ಸ್‌ಪೆಕ್ಟರ್ ಬರೆದರು. ಬರೆದದ್ದು ಅವಳೊಬ್ಬಳ ಹೆಸರನ್ನಲ್ಲ. ಒಂದನೇ ಆರೋಪಿ ಮ್ಯಾನೇಜರ್: ಪೈಪು ತೊಳೆಯಲು ಬಿಡದವರು, ಕೀಲಿ ಬಾಗಿಲಲ್ಲೇ ಬಿಟ್ಟವರು, ಕುಸಿದವನನ್ನು ಎಬ್ಬಿಸಿ ಮತ್ತೆ ನಿಲ್ಲಿಸಿದವರು. ಸಂಜೆಯೊಳಗೆ ಮೇಲಿನ ಸಾಹೇಬರ ಫೋನು ಬಂತು. ಮ್ಯಾನೇಜರ ಹೆಸರು ಅಲ್ಲಿ ಹೇಗೆ ಬಂತು ಎಂದರು. ಇನ್ಸ್‌ಪೆಕ್ಟರ್ ಪೈಪಿನ ಮಾತು, ಕೀಲಿಯ ಮಾತು, ಹಾಲಿನ ಬೇಗೆಯ ಮಾತು ಎಲ್ಲ ಒಪ್ಪಿಸಿದರು.

"ಗುಂಡಿ ಕಟ್ಟಿದ್ದು ಅವರಾ?"

"ಅಲ್ಲ ಸಾರ್."

"ಕಟ್ಟಿದವಳು ಒಪ್ಕೊಂಡಿದ್ದಾಳಾ?"

"ಹೌದು ಸಾರ್. ಆದ್ರೆ ಆ ಸೆಕೆಯಲ್ಲಿ..."

"ಸೆಕೆ ಯಾವ ಸೆಕ್ಷನ್ ಕೆಳಗೆ ಬರುತ್ತೆ ಹೇಳ್ರೀ, ಹಾಕೋಣ."

ಪೈಪಿಗೆ ಸಾಕ್ಷಿ ಹೇಳಬೇಕಿದ್ದ ಮೆಕ್ಯಾನಿಕ್ ಗುರುವಾರ ಬಂದು, ಯಾರೂ ನನ್ನನ್ನು ತಡೆದಿರಲಿಲ್ಲ, ನನಗೇ ಮರೆತುಹೋಗಿತ್ತು ಎಂದ. ಹೇಳುವಷ್ಟು ಹೊತ್ತೂ ಟೋಪಿಯನ್ನು ಹಿಂಡುತ್ತಿದ್ದ. ಅವನಿಗೂ ಮನೆಯಿದೆ. ಒಂದನೇ ಆರೋಪಿಯ ಸಾಲಿನ ಮೇಲೆ ಇನ್ಸ್‌ಪೆಕ್ಟರ್ ತಮ್ಮ ಕೈಯಾರೆ ಗೀಟು ಎಳೆದರು. ಗೀಟು ನೆಟ್ಟಗೆ ಬಂತು. ಅಷ್ಟು ವರ್ಷದ ನೌಕರಿ ಅದನ್ನು ಕಲಿಸಿತ್ತು.

ಶುಕ್ರವಾರ ಬೆಳಿಗ್ಗೆ ದೂರುದಾರಳನ್ನು ಆರೋಪಿಯೆಂದು ಬಂಧಿಸಲಾಯಿತು. ಕೃತ್ಯಕ್ಕೆ ಕಾರಣ ಏನೆಂಬ ಸಾಲಿನಲ್ಲಿ ದಫೇದಾರ ಪೆನ್ನು ಎತ್ತಿಕೊಂಡು ಕಾದ. "ತಮ್ಮನಿಗೆ ಸ್ವಲ್ಪ ತಂಪಾಗಲಿ ಎಂದು," ಅಂತ ಹೇಳಿದರು ಇನ್ಸ್‌ಪೆಕ್ಟರ್. ಅವನು ಹಾಗೆಯೇ ಬರೆದ. ಟೈಮು ಬರೆಯುವುದನ್ನು ಮರೆತ.

ಕೋರ್ಟಿಗೆ ಕರೆದೊಯ್ಯುವ ವ್ಯಾನು ಬರುವುದು ತಡವಾಗಿತ್ತು. ಅವಳನ್ನು ಹಿಂದಿನ ಕೋಣೆಯ ಬೆಂಚಿನ ಮೇಲೆ ಕೂರಿಸಿದ್ದರು. ಇನ್ಸ್‌ಪೆಕ್ಟರ್ ಬಾಗಿಲಿಗೆ ಬಂದಾಗ ಒಂದೇ ಮಾತು ಕೇಳಿದಳು: "ಗೇಟಿನ ಚೀಟಿ ತೆಗೆದ್ರಾ ಸಾರ್?"

"ತೆಗೆದ್ರಮ್ಮ."

ಅದರ ಜಾಗದಲ್ಲಿ ಹೊಸ ಚೀಟಿ ಅಂಟಿಸಿದ್ದರು. ಅದರಲ್ಲಿ ಮಡಚುವ ವಿಭಾಗದ ಕೆಲಸಗಾರ್ತಿಯ ಅಜಾಗರೂಕತೆ ಎಂದಿತ್ತು. ಆ ಮಗು ಬೆಳಿಗ್ಗೆ ನಿಂತು ಅದನ್ನು ಕೂಡಿಸಿ ಕೂಡಿಸಿ ಓದುತ್ತಿದ್ದುದನ್ನು ಮಹಿಳಾ ಕಾನ್‌ಸ್ಟೇಬಲ್ ನೋಡಿ ಬಂದಿದ್ದಳು. ಅದನ್ನು ಇನ್ಸ್‌ಪೆಕ್ಟರ್ ಹೇಳಲಿಲ್ಲ.

ಅಕ್ಕ ತಲೆಯಾಡಿಸಿ, ದಣಿವಿಗೆ ಗೋಡೆಗೆ ಒರಗಿದಳು. ಒರಗಿದವಳು ಬೆಚ್ಚಿ ತಿರುಗಿ ಗೋಡೆಯ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಗೋಡೆಯಾಚೆ ವೈರ್‌ಲೆಸ್ ಕೋಣೆ. ಯಂತ್ರಗಳು ಬಿಸಿಯಾಗಬಾರದೆಂದು ಅಲ್ಲಿ ಹಗಲೂ ರಾತ್ರಿ ಎಸಿ ಓಡುತ್ತಿತ್ತು.

ಅವಳು ಕೈಯನ್ನು ಹಿಂದಕ್ಕೆಳೆದುಕೊಂಡು, ಬೆಂಚಿನ ಆ ತುದಿಗೆ, ಬಿಸಿಲು ಬೀಳುವಲ್ಲಿಗೆ ಸರಿದು ಕೂತಳು.