ಕರೆಂಟ್ ಹೋದರೂ ನಿಲ್ಲದ ದನಿ

“ಎಷ್ಟಕ್ಕೆ ಮಾರಿದೆ?”

ಕಂಪ್ಯೂಟರನ್ನು ಹೈತಮನ ಮೇಜಿನ ಮೇಲೆ ಕುಕ್ಕಿ ರುಲಾ ಕೇಳಿದ ಮೊದಲ ಮಾತು ಅದು. ಬಂದರಿನ ಬೀದಿಯಿಂದ ಎದೆಗವಚಿ ಹೊತ್ತು ತಂದಿದ್ದಳು.

ಹೈತಮ್ ಸ್ಕ್ರೂಡ್ರೈವರ್ ಕೆಳಗಿಟ್ಟ. “ಏನನ್ನ?”

“ನನ್ನ ಹಳೇ ಡಿಸ್ಕ್‌ನ. ನಿನ್ನೆ ಸಂಜೆ ನಿನ್ನ ಮಾವ ಈ ಬಾಗಿಲಿಂದ ಹೊರಗೆ ಬಂದಿದ್ದನ್ನ ಕಣ್ಣಾರೆ ನೋಡಿದೀನಿ. ಇವತ್ತು ಬೆಳಿಗ್ಗೆ ಹೊಸದೂ ಸತ್ತಿದೆ. ಕೆಲಸ ಅಚ್ಚುಕಟ್ಟು, ಮಾರಾಯ.”

ಅವನು ಕಂಪ್ಯೂಟರನ್ನು ತನ್ನತ್ತ ಎಳೆದುಕೊಂಡ. ಅದು ಅವಳನ್ನು ಸುಟ್ಟಿತು... ಹೋದ ಚಳಿಗಾಲದಲ್ಲೂ ಇವನು ಹೀಗೇ ತನ್ನ ಕೆಲಸದಲ್ಲೇ ಮುಳುಗಿದ್ದ.

ಆಗ ತ್ರಿಪೋಲಿಯ ಬಿಸ್ಕತ್ತು ಕಾರ್ಖಾನೆಯೊಂದರ ಹೆಂಗಸರನ್ನೆಲ್ಲ ಒಂದೇ ಬೆಳಿಗ್ಗೆ ಗೇಟಿನಾಚೆ ನಿಲ್ಲಿಸಿದ್ದರು. ರುಲಾ ಅವರಲ್ಲೊಬ್ಬಳು. “ನಾಳೆಯಿಂದ ಬರಬೇಡಿ, ನಿಮ್ಮಂಥವರು ಬೀದಿಗೆ ನೂರು ಸಿಗ್ತಾರೆ” ಎಂದಿದ್ದವನು ಮ್ಯಾನೇಜರ್ ಫಾಯೆಜ್, ಹೈತಮನ ಸೋದರಮಾವ. ಈಗ ಕಾರ್ಖಾನೆಯ ವಕೀಲರು ಹೇಳುತ್ತಿದ್ದುದೇ ಬೇರೆ: ಹೆಂಗಸರು ತಾವಾಗಿಯೇ ಕೆಲಸ ಬಿಟ್ಟರಂತೆ! ಆದರೆ ಮ್ಯಾನೇಜರ್ ಅಂದ ಆ ಮಾತನ್ನು ರುಲಾ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಮನೆಯ ಕಂಪ್ಯೂಟರಿಗೆ ಇಳಿಸಿದ ಮರುದಿನವೇ ಕಾವಲುಗಾರರು ಫೋನನ್ನು ಬೂಟಿನಡಿ ಪುಡಿ ಮಾಡಿದ್ದರು. ಇವತ್ತು ಮಧ್ಯಾಹ್ನ ಕಾರ್ಮಿಕ ವ್ಯಾಜ್ಯ ಮಂಡಳಿಯ ಮುಂದೆ ಆ ದನಿಯನ್ನು ಕೇಳಿಸಬೇಕಿತ್ತು. ಅದಿಲ್ಲದಿದ್ದರೆ ಅಷ್ಟೂ ಹೆಂಗಸರು ಸುಳ್ಳುಗಾತಿಯರು.

ಗೇಟಿನ ಮುಂದೆ ಧರಣಿ ಕೂತ ದಿನಗಳಲ್ಲಿ ಹೈತಮ್ ಬರಲಿಲ್ಲ. ರುಲಾ ಅವನೊಡನೆ ಮಾತು ಬಿಟ್ಟಳು. ಹಳೆಯ ಡಿಸ್ಕ್ ಗರಗರ ಎನ್ನತೊಡಗಿದಾಗ ಅಮ್ಮ ಸಿಹಾಮಳೇ ಹಟ ಹಿಡಿದು ಅವನನ್ನು ಕರೆಸಿದ್ದಳು. ನಿನ್ನೆ ಅವನು ಮನೆಗೇ ಬಂದು, ಹಳೆಯದರಲ್ಲಿದ್ದುದನ್ನೆಲ್ಲ ಹೊಸ ಡಿಸ್ಕಿಗೆ ನಕಲು ಮಾಡಿ, ಓಡಿಸಿ ತೋರಿಸಿ, ಹಳೆಯದನ್ನು ಜೊತೆಗೊಯ್ದಿದ್ದ. ರುಲಾ ಒಳಕೋಣೆಯಿಂದ ಹೊರಬಂದಿರಲಿಲ್ಲ. ಅವನ ಕೆಮ್ಮನ್ನು ಮಾತ್ರ ಗೋಡೆಗೆ ಕಿವಿಯಿಟ್ಟು ಕೇಳಿದ್ದಳು.

‘ಥೂ, ಎಂಥ ಮರುಳು ನನ್ನದು...’

ಹೈತಮ್ ಯಂತ್ರಕ್ಕೆ ಕರೆಂಟ್ ಕೊಟ್ಟ. ಕಪ್ಪು ಪರದೆ, ಡಿಸ್ಕ್ ಸಿಗಲಿಲ್ಲವೆಂಬ ಒಂದು ಬಿಳಿ ಸಾಲು. ಅವನು ಕೀಲಿಗಳನ್ನು ಒತ್ತಿ ಯಂತ್ರದ ಒಳಗಿನ ಸೆಟ್ಟಿಂಗ್ ಪುಟ ತೆರೆದ. ಹೊಸ ಡಿಸ್ಕಿನ ಹೆಸರು ಅಲ್ಲಿ ಕಾಣುತ್ತಿತ್ತು. ಮೂಲೆಯಲ್ಲಿದ್ದ ತಾರೀಕು ಮಾತ್ರ ರುಲಾ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದ್ದು. ಅದನ್ನು ನೋಡಿ ಅವನು ಹಣೆ ಚಚ್ಚಿಕೊಂಡ.

“ರುಲಾ, ಕರೆಂಟ್ ಹೋದಾಗ ನಿಮ್ಮಮ್ಮ ಏನ್ ಮಾಡ್ತಾರೆ?”

“ಪ್ಲಗ್ ಎಲ್ಲಾ ಕೀಳ್ತಾಳೆ. ಜನರೇಟರ್ ಬಂದಾಗ ಏನಾದ್ರೂ ಸುಟ್ಟು ಹೋದ್ರೆ? ಈ ಊರಲ್ಲಿ ಯಾರು ಕೀಳಲ್ಲ ಹೇಳು?”

“ನಾನು ಕೀಳಲ್ಲ” ಎಂದ ಅವನು, ತಲೆ ತಗ್ಗಿಸಿ.

ಅವನ ಅಂಗಡಿಯ ಮಾಡಿನ ಮೇಲೆ ಸೌರಫಲಕವಿತ್ತು, ಮೂಲೆಯಲ್ಲಿ ಬ್ಯಾಟರಿಗಳಿದ್ದವು. ಬೀದಿಯೆಲ್ಲ ಜನರೇಟರ್ ಧಣಿಗಳ ಕಾಲು ಹಿಡಿದು ಬೆಳಕು ಕೊಳ್ಳುತ್ತಿದ್ದರೂ ಇಲ್ಲಿ ಕತ್ತಲೆಯಾಗುತ್ತಿರಲಿಲ್ಲ. ಕತ್ತಲಾಗದವನಿಗೆ ಪ್ಲಗ್ ಕೀಳುವವರ ನೆನಪಾಗುವುದೂ ಇಲ್ಲ.

“ಹಳೇ ಡಿಸ್ಕಿನಿಂದ ಯಂತ್ರ ಏಳೋದು ಹಳೇ ಪದ್ಧತೀಲಿ. ನಕಲು ಮಾಡ್ತಾ ಹೊಸದನ್ನ ಹೊಸ ಪದ್ಧತಿಗೆ ತಂದೆ. ಇನ್ಮೇಲೆ ಡಿಸ್ಕನ್ನ ಹೀಗೆ ಹುಡುಕು ಅಂತ ಕಂಪ್ಯೂಟರಿನ ಬೋರ್ಡಿಗೂ ಹೇಳಿದೆ. ಆ ಮಾತು ನೆನಪಿಟ್ಕೊಳ್ಳೋಕೆ ಒಳಗೊಂದು ಬಿಲ್ಲೆ ಸೆಲ್ ಇರುತ್ತೆ. ಅದು ಸತ್ತಿದೆ. ಕರೆಂಟ್ ಹೋದಾಗ ನಿಮ್ಮಮ್ಮ ಪ್ಲಗ್ ಕಿತ್ರು, ಬೋರ್ಡ್ ಎಲ್ಲಾ ಮರೀತು. ನಿನ್ನೆ ಅಲ್ಲೇ ಒಂದ್ಸಲ ನಾನೇ ಕಿತ್ತು ನೋಡಿದ್ರೆ ಗೊತ್ತಾಗ್ತಿತ್ತು. ತಪ್ಪು ನನ್ನದೇ.”

ನಾಣ್ಯದಷ್ಟಗಲದ ಹೊಸ ಸೆಲ್ ಕೂರಿಸಿ, ತಾರೀಕು ತಿದ್ದಿ, ಡಿಸ್ಕ್ ಹುಡುಕುವ ಪದ್ಧತಿಯ ಆಯ್ಕೆಯನ್ನು ಬದಲಿಸಿದ. ಯಂತ್ರ ಎದ್ದಿತು. ಅವನು ಅದನ್ನು ಆರಿಸಿ, ಪ್ಲಗ್ ಕಿತ್ತು, ಕಾದು, ಮತ್ತೆ ಚುಚ್ಚಿದ. ಮತ್ತೆ ಎದ್ದಿತು. ರುಲಾ ಕಡತ ತೆರೆದಳು. “ನಾಳೆಯಿಂದ ಬರಬೇಡಿ...” ಫಾಯೆಜ್‌ನ ದನಿ ಅಂಗಡಿ ತುಂಬಿತು. ಹಿಂದೆಯೇ ಹೆಂಗಸರ ಕೂಗು.

ಅವಳು ಸ್ಟೂಲಿನ ಮೇಲೆ ಕೂತಳು. ಆದರೆ ಒಳಗಿನ ಮುಳ್ಳು ಇನ್ನೂ ಹಾಗೇ ಇತ್ತು. “ಹಳೇದೆಲ್ಲಿ ಹೈತಮ್?”

ಅವನು ಜಾಕೆಟ್ಟಿನ ಒಳಜೇಬಿಗೆ ಕೈಹಾಕಿ, ಬಟ್ಟೆಯಲ್ಲಿ ಸುತ್ತಿದ ಡಿಸ್ಕನ್ನು ಅವಳ ಅಂಗೈಯಲ್ಲಿಟ್ಟ. ಮೈಬಿಸಿ ಅದರಲ್ಲಿ ಇನ್ನೂ ಇತ್ತು.

“ಹೊಸದು ಒಂದಷ್ಟು ದಿನ ಓಡೋವರೆಗೂ ಹಳೇದನ್ನ ನಾನು ಯಾರಿಗೂ ಕೊಡಲ್ಲ, ಅಳಿಸೋದೂ ಇಲ್ಲ. ಮಾವ ಇದನ್ನ ಕೇಳೋಕೇ ಬಂದಿದ್ರು. ಇಲ್ಲ ಅಂದೆ. ಆಮೇಲೆ ಅಂಗಡೀಲಿ ಇಡೋಕೆ ಭಯ ಆಯ್ತು.”

‘ರಾತ್ರಿಯೆಲ್ಲ ಎದೆಯ ಮೇಲಿಟ್ಟುಕೊಂಡಿದ್ದನೇ...’

“ಧರಣಿಗೆ ಯಾಕೆ ಬರಲಿಲ್ಲ?” ಅವಳು ಕೇಳಿದಳು.

“ಅಮ್ಮ ಇರೋದು ಮಾವನ ಮನೇಲಿ. ಹೊರಗೆ ಹಾಕ್ತಾರೆ ಅಂತ ಹೆದರಿದೆ. ಬೇರೆ ಸಬೂಬಿಲ್ಲ.”

ಅವಳು ಎದ್ದು ಯಂತ್ರವನ್ನು ಎತ್ತಿಕೊಂಡಳು. “ಮಂಡಳೀಲಿ ಕರೆಂಟ್ ಇರುತ್ತೋ ಇಲ್ವೋ. ಫಾಯೆಜ್ ಅಂತೂ ಇರ್ತಾರೆ.”

ಹೈತಮ್ ಮೂಲೆಯ ಬ್ಯಾಟರಿಯೊಂದರ ತಂತಿ ಬಿಚ್ಚಿ ಹೆಗಲಿಗೇರಿಸಿ, ಇನ್ವರ್ಟರನ್ನು ಕಂಕುಳಲ್ಲಿ ಇರುಕಿಕೊಂಡ. ಷಟರ್ ಎಳೆದ.

ಹಾಡಹಗಲು, ಇಡೀ ಬೀದಿ ನೋಡುವಂತೆ, ಅವಳ ಪಕ್ಕದಲ್ಲಿ ನಡೆದ.

ವಿಚಾರಣೆ ಶುರುವಾದ ಕೆಲಹೊತ್ತಿಗೇ ಕರೆಂಟ್ ಹೋಯಿತು. ಫ್ಯಾನು ನಿಂತಿತು, ಕಾರ್ಖಾನೆಯ ವಕೀಲ ನಕ್ಕ. ಬ್ಯಾಟರಿಗೆ ಜೋಡಿಸಿದ್ದ ಯಂತ್ರ ಮಾತ್ರ ಆರಲಿಲ್ಲ. ನಿಶ್ಶಬ್ದವಾದ ಕೋಣೆಯಲ್ಲಿ ಫಾಯೆಜ್ ತನ್ನದೇ ದನಿಯನ್ನು ಕೇಳಿಸಿಕೊಂಡ. ಆಮೇಲೆ ಬ್ಯಾಟರಿಯ ಪಕ್ಕ ನಿಂತಿದ್ದ ಸೋದರಳಿಯನನ್ನು ದಿಟ್ಟಿಸಿದ. ಹೈತಮ್ ಕಣ್ಣು ತಗ್ಗಿಸಲಿಲ್ಲ. ಅಧ್ಯಕ್ಷರು ಇನ್ನೊಮ್ಮೆ ಕೇಳಿಸಲು ಹೇಳಿ, ಆ ಮಾತನ್ನು ಒಂದಕ್ಷರವೂ ಬಿಡದೆ ಬರೆಸಿದರು. ತಾವಾಗಿ ಬಿಟ್ಟರೆಂಬ ವಾದ ಇನ್ನು ನಡೆಯದು ಎಂದರು.

ಹೊರಗೆ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿ ಅಳುತ್ತಿದ್ದರು, ನಗುತ್ತಿದ್ದರು. ರುಲಾ ಎಳ್ಳಿನ ಕಾಕ್ ರೊಟ್ಟಿ ಕೊಂಡು, ಮುರಿದು, ದೊಡ್ಡ ತುಂಡನ್ನು ಅವನಿಗಿತ್ತಳು.

“ಇವತ್ತು ನಿಮ್ಮಮ್ಮನ್ನ ಹೊರಗೆ ಹಾಕ್ತಾರಲ್ಲ?”

“ನಿನ್ನೆ ಮಾವನಿಗೆ ಇಲ್ಲ ಅಂದಿದ್ದು ಗೊತ್ತಾಗಿ, ಬೆಳಿಗ್ಗೆ ಅವಳೇ ಗಂಟು ಕಟ್ತಾ ಇದ್ದಳು. ಇಷ್ಟು ತಡವಾಯ್ತಲ್ಲೋ ಅಂತ ಬೈದಳು.”

ರುಲಾ ನಗು ತಡೆದುಕೊಂಡಳು. “ನಮ್ಮನೇಲಿ ಒಂದು ಕೋಣೆ ಖಾಲಿ ಇದೆ. ಅವರನ್ನ ಕರ್ಕೊಂಡು ಬಾ. ನೀನೂ ಬಾ... ಒಂದು ಷರತ್ತು. ಪ್ಲಗ್ ಮುಟ್ಟಬೇಡಿ ಅಂತ ನಮ್ಮಮ್ಮನಿಗೆ ನೀನೇ ಹೇಳಬೇಕು.”

ಹೈತಮ್ ರೊಟ್ಟಿ ಜಗಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. “ಅದಕ್ಕಿಂತ ನಿನ್ನನ್ನ ಮದುವೆ ಮಾಡಿಕೊಡಿ ಅಂತ ಕೇಳೋದು ಸುಲಭ.”

“ಹಾಗಾದ್ರೆ ಸುಲಭದ್ದನ್ನೇ ಮೊದಲು ಕೇಳು” ಎಂದಳು ರುಲಾ.